ನನಗೆ ಗೊತ್ತು

ಸಂತೆಪೇಟೆಯ ಬ್ಯಾಟರಿ ಅಂಗಡಿಯ ಮೇಲೆ ನಮ್ಮ ಸಭೆ.
ಮಾರ್ಮನ್ ಎನ್ನಲು ಕೆಳಗಿನ ಮುನೀರ್ ಸಾಬರಿಗೆ ನಾಲಿಗೆ ಹೊರಳದು,
ಯಾರಾದರೂ ಕೇಳಿದರೆ
‘ಮರ್ಮದವರಾ? ಮೆಟ್ಟಿಲು ಆ ಕಡೆ’ ಎನ್ನುತ್ತಾರೆ.
ಮರ್ಮವೇನಿಲ್ಲ ಇಲ್ಲಿ. ಇಪ್ಪತ್ತಮೂರು ಪ್ಲಾಸ್ಟಿಕ್ ಕುರ್ಚಿ,
ಒತ್ತಿದರೆ ಮೇಲೇಳದ ಒಂದು ಮನೆಯಿರುವ ಕೀಬೋರ್ಡು.

ನನ್ನ ಕೆಲಸ ಕಿವಿಯಲ್ಲಿ ಹೇಳುವುದು.
ಹತ್ತೊಂಬತ್ತರ ಹುಡುಗರು ಬರುತ್ತಾರೆ ಸಮುದ್ರದಾಚೆಯಿಂದ,
ಎದೆಯ ಮೇಲೆ ಕರಿ ಹೆಸರಫಲಕ, ಬೆನ್ನ ಮೇಲೆ ಬೆವರಿನ ಭೂಪಟ.
ಅವರ ಮಾತನ್ನು ಇವರಿಗೆ, ಇವರದನ್ನು ಅವರಿಗೆ.
ತಿಂಗಳ ಮೊದಲ ಭಾನುವಾರ, ಉಪವಾಸದ ದಿನ, ಕೆಲಸ ಹಗುರ:
ಎಲ್ಲರ ಸಾಕ್ಷಿಯೂ ಒಂದೇ ಅಚ್ಚಿನ ಬೆಲ್ಲ.
‘ನನಗೆ ಗೊತ್ತು, ಈ ಸಭೆ ಸತ್ಯ.’
‘ನನ್ನ ಜೀವದ ಒಂದೊಂದು ನಾರಿನಿಂದಲೂ ಹೇಳುತ್ತೇನೆ.’
ನಾಲ್ಕು ವರ್ಷದ ಮಗುವೂ ಹೇಳುತ್ತದೆ,
ಅಪ್ಪ ಬಗ್ಗಿ ಅದರ ಕಿವಿಯಲ್ಲಿ ಊದಿದ್ದನ್ನು.

ನಾರು ಎಂದಾಗೆಲ್ಲ ನನಗೆ ಆಲೂಗಡ್ಡೆ ಮಂಡಿಯ ಗೋಣಿ.
ಮೂವತ್ತು ವರ್ಷ ಅಮ್ಮ ದಬ್ಬಣದಲ್ಲಿ ಹೊಲಿದ ಬಾಯಿಗಳು.
ಅವಳ ಕೆಮ್ಮಿನಲ್ಲೂ ನಾರಿತ್ತು.

ನಾನೂ ಹೇಳಿದ್ದೇನೆ, ಇಲ್ಲವೆನ್ನುವುದಿಲ್ಲ.
ಬೋಂಡ, ರಸ್ನಾ ಮುಂದಿಟ್ಟುಕೊಂಡು ‘ಇದು ನಮ್ಮ ದೇಹವನ್ನು
ಪೋಷಿಸಿ ಬಲಪಡಿಸಲಿ’ ಎಂದು.
ರಸ್ತೆ ದಾಟಿದರೆ ಮನೆ,
ಆದರೂ ‘ಕ್ಷೇಮವಾಗಿ ತಲುಪಿಸು ತಂದೆ’ ಎಂದು.

ಆವತ್ತು ಜಯಶೀಲ ಎದ್ದಳು.
ಎಲಿಷಾ ಹೋಗಿ ಐದನೆಯ ತಿಂಗಳು.
ಸಾವಿನ ಮನೆಗೆ ನಾವೆಲ್ಲ ಹಣ್ಣಿನ ಜೊತೆ ಒಯ್ದಿದ್ದೆವು
ಎಲ್ಲಕ್ಕೂ ಒಂದು ಕಾರಣವಿದೆ,
ತಾಳಲಾರದ್ದನ್ನು ಅವನು ಹೊರಿಸುವುದಿಲ್ಲ,
ಕುಟುಂಬವೆಂದರೆ ಎಂದೆಂದಿಗೂ.
ಬಾಳೆಹಣ್ಣು ಮಾತ್ರ ಖರ್ಚಾಯಿತಂತೆ.
‘ನನಗೆ ಗೊತ್ತು’ ಅಂದಳು. ನಿಲ್ಲಿಸಿದಳು.
‘ಅಂತ ಹೇಳೋಕೆ ಬಂದೆ. ಗೊತ್ತಿಲ್ಲ.
ಗೊತ್ತಿಲ್ದಿದ್ರೂ ಬರ್ತೀನಿ. ಇಷ್ಟೇ.’

ಆಮೆನ್ ಎನ್ನಬಹುದೋ ಬಾರದೋ ತಿಳಿಯದೆ
ಎಲ್ಲರೂ ಫ್ಯಾನಿನ ಸದ್ದಿಗೆ ಕೂತರು.
ಹುಡುಗ ಕಿವಿ ವಾಲಿಸಿದ: ಏನಂದರು?

ಹೇಗೆ ಹೇಳಲಿ ಇವನಿಗೆ.
ನಮ್ಮಲ್ಲಿ ನಂಬುವುದು ನಾನು. ಗೊತ್ತಿರುವುದು ನನಗೆ.
ನನಗೆ ಹಸಿವು, ನನಗೆ ಜ್ವರ, ನನಗೆ ಗೊತ್ತು.
ತಾನಾಗಿ ಬಂದು ಮೈಯಲ್ಲಿ ಕೂರುವ ಮಾತದು, ಕರೆದರೆ ಬರದು,
ಹೋಗೆಂದರೆ ಹೋಗದು.
ನಂಬಬೇಕಾದರೆ ನಾನೇ ಎದ್ದು, ಸೀರೆ ಸರಿಮಾಡಿಕೊಂಡು
ಮೆಟ್ಟಿಲು ಹತ್ತಬೇಕು.
ಇವನ ಭಾಷೆಯಲ್ಲಿ ಎರಡಕ್ಕೂ ‘ನಾನು’ ಒಬ್ಬನೇ ಮುಂದೆ ನಿಂತಿರುತ್ತಾನೆ.

ಮುಂದಿನ ತಾಸಿಗೆ ದೇವಾಶೀರ್ವಾದಪ್ಪ ಪಾಠದ ಪುಸ್ತಕ ಮುಚ್ಚಿದರು.
ಕುರ್ಚಿಗಳು ದುಂಡಗಾದವು.
‘ಆ ಮಾತುಗಳನ್ನ ಬಿಟ್ಟು ಮಾತಾಡೋಣ ಇವತ್ತು.’
ಬಹಳ ಹೊತ್ತು ಯಾರ ಬಳಿಯೂ ಬೇರೆ ಮಾತಿರಲಿಲ್ಲ.
ಕೊನೆಗೆ ರೂಬೇನಣ್ಣ, ನೆಲ ನೋಡುತ್ತ:
‘ಹನ್ನೊಂದು ವರ್ಷದಿಂದ ಗೊತ್ತು ಅಂತಿದೀನಿ.
ಅನ್ನದಿದ್ರೆ ಮಕ್ಕಳು ಕೇಳ್ತಾವಲ್ಲ ಅಂತ.’
ಯಾರೋ ನಕ್ಕರು. ಯಾರೋ ಮೂಗೊರೆಸಿಕೊಂಡರು.
ಸುಗಂಧಿ ಟೀಚರಿಗೆ ಮಾತ್ರ ಸಿಟ್ಟು:
‘ಸವೆದಿದ್ದೆಲ್ಲ ಸುಳ್ಳಾ? ನಮ್ಮತ್ತೆ ದಿನಾ ಕೇಳೋರು, ಊಟ ಆಯ್ತಾ,
ಉತ್ತರಕ್ಕೂ ಕಾಯ್ತಿರ್ಲಿಲ್ಲ.
ಜಿಲ್ಲಾಸ್ಪತ್ರೆಲಿ, ಕೊನೇ ರಾತ್ರಿ, ನಳಿಕೆ ತೆಗೆಸ್ಕೊಂಡು
ಅದನ್ನೇ ಕೇಳಿದ್ರು.
ನಾನು ಉಂಡಿರ್ಲಿಲ್ಲ.’

ಅದನ್ನೂ ಹುಡುಗನ ಕಿವಿಗೆ ದಾಟಿಸಿದೆ. ಅರ್ಧ ದಾಟಿತು.
ಜಯಶೀಲ ಕಿಟಕಿಯಾಚೆ ಗೋಣಿ ತುಂಬಿದ ಲಾರಿ
ಹಿಂದೆ ಹಿಂದೆ ಬರುವುದನ್ನು ನೋಡುತ್ತಿದ್ದಳು,
ನಮ್ಮ ಚರ್ಚೆಗೂ ತನಗೂ ಸಂಬಂಧವಿಲ್ಲದವಳ ಹಾಗೆ.

ಇಳಿಯುವಾಗ ಹುಡುಗ ಕೇಳಿದ, ಅದನ್ನು ಕನ್ನಡದಲ್ಲಿ ಹೇಗೆನ್ನುವುದು.
ಹೇಳಿಕೊಟ್ಟೆ. ಮೆಟ್ಟಿಲಿಗೊಮ್ಮೆ ಉರು ಹೊಡೆದ:
ನನಗೆ ಗೊತ್ತಿಳ್ಳ. ನನಗೆ ಗೊತ್ತಿಳ್ಳ.
ಬ್ಯಾಟರಿಗೆ ನೀರು ಹಾಕುತ್ತಿದ್ದ ಸಾಬರು ತಲೆಯೆತ್ತಿದರು,
‘ಏನಪ್ಪಾ, ಏನ್ ಗೊತ್ತಿಲ್ಲ?’
ಹುಡುಗ ನನ್ನ ಮುಖ ನೋಡಿದ.

ನಾನು ಅನುವಾದಿಸಲಿಲ್ಲ.